ಬೇನೆಯೂ ಅವಳೇ, ಬೇವೂ ಅವಳೇ

ಸಂಪಾದಕರು ಫೋನ್ ಮಾಡಿ, ಈ ಸಲವೂ ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಎರಡು ಪುಟ ಬರೆದುಕೊಡಿ ಎಂದರು. ಅವೆರಡರ ಬಗ್ಗೆ ಹೇಳಬೇಕಾದದ್ದನ್ನೆಲ್ಲ ನಾವು ಹೇಳಿಯಾಗಿದೆ. ಓದುಗ ಮಿತ್ರರು ಅದನ್ನು ಓದಿ, ಮೆಚ್ಚಿ, ಯುಗಾದಿಯ ಊಟದಲ್ಲಿ ಮೂರನೆಯ ಹೋಳಿಗೆ ಹಾಕಿಸಿಕೊಂಡದ್ದನ್ನೂ ಕಣ್ಣಾರೆ ಕಂಡಾಗಿದೆ. ಆದ್ದರಿಂದ ಈ ಬಾರಿ ಪಥ್ಯದ ಮಾತಿಗೆ ರಜೆ ಕೊಟ್ಟು, ಬಹುದಿನಗಳಿಂದ ನಮ್ಮ ತಲೆಯಲ್ಲಿ ಸುತ್ತುತ್ತಿರುವ ಒಂದು ಪ್ರಶ್ನೆಯನ್ನು ಓದುಗರ ಮುಂದಿಡುತ್ತೇವೆ. ರೋಗವನ್ನು ಕೊಡುವವಳು ಎಂದು ನಂಬಿದ ದೇವಿಯನ್ನೇ ರೋಗ ಕಳೆಯಮ್ಮ ಎಂದು ಬೇಡಿಕೊಳ್ಳುತ್ತೇವಲ್ಲ, ಅದು ಧರ್ಮವೇ ಅಥವಾ ಬರಿಯ ಹೆದರಿಕೆಯೇ?

ಕನ್ನಡದಲ್ಲಿ ‘ಮಾರಿ’ ಎಂಬುದು ದೇವಿಯ ಹೆಸರೂ ಹೌದು, ಪಿಡುಗಿನ ಹೆಸರೂ ಹೌದು. 2020ರಲ್ಲಿ ನಮ್ಮ ಪತ್ರಿಕೆಗಳು ‘ಮಹಾಮಾರಿ ಕೊರೊನಾ’ ಎಂದು ದಿನವೂ ದಪ್ಪಕ್ಷರದಲ್ಲಿ ಬರೆದವು. ಅದೇ ಪತ್ರಿಕೆಗಳ ಒಳಪುಟದಲ್ಲಿ ಶಿರಸಿಯ ಮಾರಿಕಾಂಬೆಯ ಹೆಸರು ಭಕ್ತಿಯಿಂದ ಅಚ್ಚಾಗುತ್ತಿತ್ತು. ಎರಡೂ ಒಂದೇ ಪದವೆಂದು ಯಾರೂ ಬೆರಗುಪಟ್ಟಂತೆ ಕಾಣಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಆಗದವರನ್ನು ಬೈಯುವ ನಾಲಿಗೆಯೇ ಮಾರಮ್ಮನಿಗೆ ಹರಕೆ ಹೊರುತ್ತದೆ. ಸಿಡುಬಿಗೆ ದೊಡ್ಡಮ್ಮ, ಸೀತಾಳೆ ಸಿಡುಬಿಗೆ ಚಿಕ್ಕಮ್ಮ ಎಂದು ಹೆಸರಿಟ್ಟವರು ನಮ್ಮ ಹಿರಿಯರು. ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೆ ರೋಗ ಬಂತು ಎನ್ನುವುದಿಲ್ಲ, ‘ಅಮ್ಮ ಬಂದಿದ್ದಾಳೆ’ ಎನ್ನುತ್ತಾರೆ. ಪಕ್ಕದ ತಮಿಳಿನಲ್ಲಂತೂ ಮಾರಿ ಎಂದರೆ ಮಳೆ ಎಂಬ ಅರ್ಥವೂ ಇದೆ. ಮೈ ಸುಡುವವಳೂ ಅವಳೇ, ತಂಪೆರೆಯುವವಳೂ ಅವಳೇ.

ನಮ್ಮ ಮಿತ್ರರೊಬ್ಬರು, ವೃತ್ತಿಯಿಂದ ಇಂಜಿನಿಯರು, ವಿಚಾರವಂತರು, ಒಮ್ಮೆ ಶಾರ್ಜಾದ ತಮ್ಮ ಮನೆಯಲ್ಲಿ ಊಟ ಮುಗಿಸಿ ಕೂತಾಗ ಕೇಳಿದರು: ‘ಡಾಕ್ಟ್ರೇ, ಇದು ಹಫ್ತಾ ಅಲ್ಲದೆ ಮತ್ತೇನು? ಬಜಾರಿನ ರೌಡಿ ಅಂಗಡಿಯ ಗಾಜು ಒಡೀತಾನೆ. ಒಡೆಯದೆ ಇರಲಿ ಅಂತ ತಿಂಗಳು ತಿಂಗಳು ದುಡ್ಡು ಕೊಡ್ತೀವಿ. ಅದಕ್ಕೆ ಭಕ್ತಿ ಅಂತ ಹೆಸರಿಡಬೇಕಾ?’ ಪ್ರಶ್ನೆ ಖಾರವಾಗಿತ್ತು, ಆದರೆ ಅನ್ಯಾಯದ್ದಲ್ಲ. ಪ್ರೀತಿಯಿಂದ ಮಾಡುವ ಪೂಜೆ ಮೇಲು, ಭಯದಿಂದ ಮಾಡುವ ಪೂಜೆ ಕೀಳು ಎಂಬ ಲೆಕ್ಕ ನಮ್ಮ ಮನೆಗಳಲ್ಲೂ ಇದೆ. ದೇವರ ಕೋಣೆಯೊಳಗೆ ಲಕ್ಷ್ಮಿ, ಊರ ಹೊರಗೆ ಮಾರಿ. ಈ ವಿಂಗಡಣೆಗೆ ಜಾತಿಯ ವಾಸನೆ ಅಂಟಿಲ್ಲವೆಂದು ಯಾರೂ ಹೇಳಲಾರರು. ಅದನ್ನು ಸದ್ಯಕ್ಕೆ ಬದಿಗಿಟ್ಟರೂ ಮಿತ್ರರ ಪ್ರಶ್ನೆ ಉಳಿಯುತ್ತದೆ.

ಇದು ನಮ್ಮ ಹಳ್ಳಿಗಳಿಗೆ ಮಾತ್ರ ಅಂಟಿದ ಮೌಢ್ಯ ಎಂದುಕೊಂಡವರು, ತರ್ಕಶಾಸ್ತ್ರಕ್ಕೂ ವೈದ್ಯಕ್ಕೂ ತವರಾದ ಗ್ರೀಕರ ಕಡೆ ಒಮ್ಮೆ ನೋಡಬೇಕು. ಅವರಿಗೆ ಆರ್ಟೆಮಿಸ್ ಎಂಬ ದೇವಿಯಿದ್ದಳು. ಕಾಡಿನ ಒಡತಿ, ಬೇಟೆಗಾತಿ, ಕನ್ಯೆ. ಹೆಂಗಸೊಬ್ಬಳು ಇದ್ದಕ್ಕಿದ್ದಂತೆ ಸತ್ತರೆ ಆರ್ಟೆಮಿಸಳ ಬಾಣ ತಗಲಿತು ಎನ್ನುತ್ತಿದ್ದರು. ಹೆರಿಗೆಯ ನೋವಿನಲ್ಲಿ ಕೂಗುತ್ತಿದ್ದುದೂ ಅವಳ ಹೆಸರನ್ನೇ. ಅಥೆನ್ಸಿನ ಹತ್ತಿರದ ಬ್ರೌರಾನ್ ಎಂಬಲ್ಲಿ ಅವಳ ಗುಡಿಯಿತ್ತು. ಅಲ್ಲಿ ಹೆಂಗಸರು ತಮ್ಮ ಬಟ್ಟೆಗಳನ್ನು ಅವಳಿಗೆ ಅರ್ಪಿಸುತ್ತಿದ್ದರು. ಹೆರಿಗೆಯಲ್ಲಿ ಸತ್ತವರ ಬಟ್ಟೆ ಮಾತ್ರ ಅವಳ ಪೂಜಾರಿಣಿ ಇಫಿಜೀನಿಯಳಿಗೆ ಸಲ್ಲುತ್ತಿತ್ತೆಂದು ಯೂರಿಪಿಡೀಸನ ನಾಟಕವೊಂದು ಹೇಳುತ್ತದೆ. ಬದುಕಿದವರದ್ದು ಒಂದು ಕಡೆ, ಸತ್ತವರದ್ದು ಒಂದು ಕಡೆ, ಗುಡಿ ಒಂದೇ. ಪ್ರಸೂತಿ ವಾರ್ಡಿನಲ್ಲಿ ಒಂದು ರಾತ್ರಿ ಕಳೆದ ಯಾವ ವೈದ್ಯನಿಗೂ ಇದು ಅರ್ಥವಾಗದ ಮಾತಲ್ಲ.

ಆ ದೇವಿ ನಮಗೇನು ಸಂಬಂಧ ಎನ್ನಬೇಡಿ. ನಾವು ಹೊಟ್ಟೆಪಾಡಿಗೆ ಬಂದು ಕೂತಿರುವ ಈ ಕೊಲ್ಲಿಯ ಸಮುದ್ರಕ್ಕೆ ಅವಳು ನಮಗಿಂತ ಎರಡು ಸಾವಿರ ವರ್ಷ ಮೊದಲೇ ಬಂದಿದ್ದಳು. ಕುವೈತಿನ ಎದುರಿಗಿರುವ ಫೈಲಕಾ ದ್ವೀಪವನ್ನು ಗ್ರೀಕರು ಇಕಾರೋಸ್ ಎಂದು ಕರೆದರು. ಅಲೆಕ್ಸಾಂಡರನ ಚರಿತ್ರೆ ಬರೆದ ಆರಿಯನ್ ಅಲ್ಲಿ ಆರ್ಟೆಮಿಸಳ ಗುಡಿಯಿತ್ತೆಂದೂ, ಸುತ್ತ ಮೇಯುವ ಕಾಡಾಡುಗಳನ್ನು ಅವಳ ಬಲಿಗಲ್ಲದೆ ಬೇರಾವುದಕ್ಕೂ ಬೇಟೆಯಾಡುವಂತಿರಲಿಲ್ಲವೆಂದೂ ಹೇಳುತ್ತಾನೆ. 1937ರಲ್ಲಿ ಆ ದ್ವೀಪದಲ್ಲಿ ಸಿಕ್ಕಿದ ಕಲ್ಲಿನ ಮೇಲೆ ಅಥೆನ್ಸಿನ ಸೊಟೆಲೀಸ್ ಎಂಬವನೂ ಅವನ ಜೊತೆಯ ಸೈನಿಕರೂ ಕೆತ್ತಿಸಿದ ಅರ್ಪಣೆಯ ಬರಹವಿದೆ. ಅವರು ನೆನೆದದ್ದು ರಕ್ಷಕ ಸ್ಯೂಸನನ್ನು, ಸಮುದ್ರರಾಜ ಪೊಸೈಡಾನನನ್ನು ಮತ್ತು ರಕ್ಷಕಿ ಆರ್ಟೆಮಿಸಳನ್ನು. ಬಾಣ ಬಿಡುವವಳನ್ನೇ ರಕ್ಷಕಿ ಎಂದು ಕರೆದರು, ಮನೆಯಿಂದ ಅಷ್ಟು ದೂರ ಬಂದ ಆ ಹುಡುಗರು.

ನಾವು ದಿನವೂ ಬಳಸುವ ‘ಫಾರ್ಮಸಿ’ ಎಂಬ ಪದದ ಬೇರು ಗ್ರೀಕಿನ ‘ಫಾರ್ಮಕಾನ್’. ಅದಕ್ಕೆ ಔಷಧ ಎಂದೂ ಅರ್ಥ, ವಿಷ ಎಂದೂ ಅರ್ಥ. ಇದನ್ನು ಕೇಳಿ ಪಾಶ್ಚಾತ್ಯ ವಿದ್ವಾಂಸರು ಬಹಳ ಬೆರಗಾಗುತ್ತಾರೆ. ಕನ್ನಡಿಗರು ಬೆರಗಾಗಬೇಕಿಲ್ಲ. ನಮ್ಮ ‘ಮದ್ದು’ ಕೂಡ ಹಾಗೆಯೇ. ಕೆಮ್ಮಿಗೆ ಕುಡಿಯುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು, ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಎಂದರೆ ಅದು ಮೂರನೆಯದೇ ಕಥೆ. ಪ್ರಮಾಣ ತಪ್ಪಿದರೆ ನಮ್ಮ ಕಪಾಟಿನ ಪ್ರತಿಯೊಂದು ಗುಳಿಗೆಯೂ ಮಾರಿಯೇ.

ಈಗ ಸಿಡುಬಿನ ಮಾತಿಗೆ ಬರೋಣ. ಇಂದಿನ ತರುಣ ವೈದ್ಯರು ಸಿಡುಬನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದಾರೆ. ನಾವೂ ಕಂಡಿಲ್ಲ. ನಮ್ಮ ತೋಳಿನ ಮೇಲೆ ಅದರ ಲಸಿಕೆಯ ದುಂಡು ಗುರುತು ಮಾತ್ರ ಇದೆ. ಭಾರತದಲ್ಲಿ ಅದರ ಕೊನೆಯ ಪ್ರಕರಣಗಳು ಕಂಡದ್ದು 1975ರಲ್ಲಿ. ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಅದರ ಉಗ್ರರೂಪ ತಗಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು, ಉಳಿದವರಲ್ಲಿ ಕೆಲವರ ಕಣ್ಣು ಹೋಗುತ್ತಿತ್ತು. ಅದಕ್ಕೆ ಔಷಧ ಆಗ ಇರಲಿಲ್ಲ. ರಾಜನಿಗೂ ಇರಲಿಲ್ಲ, ಬ್ರಿಟಿಷ್ ಸರ್ಜನ್‌ಗೂ ಇರಲಿಲ್ಲ. ಇದ್ದದ್ದು ಶುಶ್ರೂಷೆ ಒಂದೇ.

ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ಆ ಶುಶ್ರೂಷೆಯ ಕ್ರಮ ಹೇಗಿತ್ತೆಂಬುದನ್ನು ನಮ್ಮ ಅಜ್ಜಿಯ ಬಾಯಿಂದ ಅನೇಕ ಸಲ ಕೇಳಿದ್ದೇವೆ. ಅವರ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅದನ್ನು ಕಂಡವರು ಒಳಗೆ ಕಾಲಿಡುತ್ತಿರಲಿಲ್ಲ. ಮನೆಯಲ್ಲಿ ಒಗ್ಗರಣೆಯಿಲ್ಲ, ಕರಿದದ್ದಿಲ್ಲ, ಜೋರು ಮಾತಿಲ್ಲ. ಮಗುವನ್ನು ಬೇವಿನ ಎಲೆಯ ಮೇಲೆ ಮಲಗಿಸಿ, ಕೆರೆತಕ್ಕೆ ಉಗುರು ತಗಲದಂತೆ ಬೇವಿನ ಕಡ್ಡಿಯಿಂದಲೇ ಸವರುತ್ತಿದ್ದರು. ಕುಡಿಯಲು ಮಜ್ಜಿಗೆ, ಎಳನೀರು. ಗುಳ್ಳೆ ಒಣಗಿದ ಮೇಲೆ ಬೇವು ಅರಿಸಿನ ಹಾಕಿದ ನೀರು ಹೊಯ್ಯುವ ದಿನ. ಇದರಲ್ಲಿ ಎಷ್ಟು ಭಾಗ ವೈರಸ್ಸಿಗೆ ತಾಕುತ್ತಿತ್ತೆಂದು ಕೇಳಿದರೆ, ಇಲ್ಲ, ಏನೂ ತಾಕುತ್ತಿರಲಿಲ್ಲ. ಆದರೆ ರೋಗಿಯನ್ನು ಬೇರ್ಪಡಿಸುವುದು, ನೀರು ಕಡಿಮೆಯಾಗದಂತೆ ನೋಡುವುದು, ಚರ್ಮ ಹರಿಯದಂತೆ ಕಾಯುವುದು, ಗದ್ದಲ ತಪ್ಪಿಸುವುದು, ಇವು ಇಂದಿನ ವಾರ್ಡಿನಲ್ಲೂ ನಾವು ನರ್ಸುಗಳಿಗೆ ಬರೆದುಕೊಡುವ ಸೂಚನೆಗಳೇ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೇರಿಯಲ್ಲಿ ಯಾರ ಮನೆಗೆ ಅಮ್ಮ ಬಂದರೂ ನಮ್ಮ ಅಜ್ಜಿಗೆ ಕರೆ ಬರುತ್ತಿತ್ತು. ‘ನನ್ನ ಒಂದ್ಸಲ ಮುಟ್ಟಿ ಹೋಗಿದಾಳೆ, ಇನ್ನು ಮುಟ್ಟಲ್ಲ’ ಎಂದು ಅವರು ಹೋಗಿ ಆ ಮನೆಯಲ್ಲಿ ವಾರಗಟ್ಟಲೆ ಕೂರುತ್ತಿದ್ದರಂತೆ. ಕ್ರಿಸ್ತಪೂರ್ವ 430ರಲ್ಲಿ ಅಥೆನ್ಸಿಗೆ ಬಂದ ಪಿಡುಗನ್ನು ವರ್ಣಿಸುವಾಗ ಥ್ಯುಸಿಡಿಡೀಸ್ ಇದೇ ಸಂಗತಿಯನ್ನು ಗುರುತಿಸುತ್ತಾನೆ. ಹೆದರಿದವರು ಹತ್ತಿರ ಹೋಗದೆ ರೋಗಿಗಳು ಒಂಟಿಯಾಗಿ ಸತ್ತರು, ಹೋದವರು ತಾವೂ ಸತ್ತರು, ಒಮ್ಮೆ ಬಂದು ಗುಣವಾದವರೇ ಹೆಚ್ಚು ಕರುಣೆಯಿಂದ ನೋಡಿಕೊಂಡರು, ತಮಗೆ ಮತ್ತೆ ಮಾರಕವಾಗಿ ಬಾರದೆಂಬುದು ಅವರಿಗೆ ತಿಳಿದಿತ್ತು. ರೋಗನಿರೋಧಕ ಶಕ್ತಿಯ ಬಗ್ಗೆ ಲಿಖಿತವಾಗಿ ಸಿಗುವ ಮೊದಮೊದಲ ಮಾತುಗಳಲ್ಲಿ ಅದೂ ಒಂದು. ಓದು ಬರಹ ಬಾರದ ನಮ್ಮ ಅಜ್ಜಿಗೆ ಅದೇ ಮಾತು ದೇವಿಯ ಭಾಷೆಯಲ್ಲಿ ಗೊತ್ತಿತ್ತು. ಕಲೆಬಿದ್ದ ಮುಖ ಅವರಿಗೆ ಅವಮಾನವಾಗಿರಲಿಲ್ಲ, ಒಳಗೆ ಹೋಗಲು ಸಿಕ್ಕಿದ ಪಾಸಾಗಿತ್ತು.

ತಪ್ಪು ಯಾರದೆಂಬ ಪ್ರಶ್ನೆಗೂ ಆ ಭಾಷೆಯಲ್ಲಿ ಬೇರೆ ಉತ್ತರವಿತ್ತು. ‘ಊರು ಏನೋ ತಪ್ಪಿದೆ, ಜಾತ್ರೆ ಬಾಕಿ ಉಳಿದಿದೆ’ ಎನ್ನುತ್ತಿದ್ದರೇ ಹೊರತು, ಮಲಗಿದ ಮಗು ತಪ್ಪು ಮಾಡಿದೆ ಎನ್ನುತ್ತಿರಲಿಲ್ಲ. ಮಗುವಿನ ಮೈಮೇಲೆ ಇರುವುದು ದೇವಿಯೇ ಆದ್ದರಿಂದ ಅದಕ್ಕೆ ಕೈಮುಗಿಯುತ್ತಿದ್ದರು. ನಾವು ಅಮೆರಿಕದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದದ್ದು ತೊಂಬತ್ತರ ದಶಕದ ನಡುವೆ, ಏಡ್ಸ್ ರೋಗಕ್ಕೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಆಗಷ್ಟೇ ಬರುತ್ತಿದ್ದ ಕಾಲ. ಅಲ್ಲಿ ಮಾರಿಯಿರಲಿಲ್ಲ, ಹರಕೆಯಿರಲಿಲ್ಲ, ಎಲ್ಲವೂ ವೈಜ್ಞಾನಿಕ. ಆದರೆ ತಿಂಗಳುಗಟ್ಟಲೆ ಮಲಗಿದ ಇಪ್ಪತ್ತೆಂಟು ವರ್ಷದ ಹುಡುಗನನ್ನು ನೋಡಲು ಅವನ ತಾಯಿ ತಂದೆ ಒಂದು ದಿನವೂ ಬರಲಿಲ್ಲ. ಅದು ಅವನ ತಪ್ಪಿನ ಫಲ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ದೇವಿಯನ್ನು ಆಚೆ ಕಳಿಸಿದರೆ ಹೆದರಿಕೆಯೂ ಆಚೆ ಹೋಗುತ್ತದೆ ಎಂಬ ನಮ್ಮ ಇಂಜಿನಿಯರ್ ಮಿತ್ರರ ಭರವಸೆ ನಮಗೆ ಬಾರದಿರುವುದು ಇದರಿಂದಲೇ. ಪೂಜೆ ಭಯದಿಂದ ಹುಟ್ಟಿತೋ ಪ್ರೀತಿಯಿಂದ ಹುಟ್ಟಿತೋ ಎಂದು ಕೇಳುವುದಕ್ಕಿಂತ, ಪೂಜೆ ನಡೆಯುವಾಗ ರೋಗಿಯ ಹಾಸಿಗೆಯ ಹತ್ತಿರ ಯಾರಿದ್ದಾರೆ, ಅದರ ಖರ್ಚು ಯಾರ ತಲೆಗೆ ಬಿತ್ತು ಎಂದು ಕೇಳುವುದು ಲೇಸೆಂದು ನಮಗೆ ತೋರುತ್ತದೆ.

ಖರ್ಚಿನ ಲೆಕ್ಕ ತೆಗೆದರೆ ದೇವಿಯ ಪೂಜೆಯಲ್ಲಿ ನಾವು ತಲೆತಗ್ಗಿಸಬೇಕಾದ ಸಂಗತಿಗಳು ಬಹಳ ಇವೆ. ಮಾರಿಯನ್ನು ಗಡಿ ದಾಟಿಸುವ ಪದ್ಧತಿ ದಕ್ಷಿಣ ಭಾರತದುದ್ದಕ್ಕೂ ಇತ್ತು. ಪಿಡುಗು ಬಂದಾಗ ದೇವಿಯ ಗುರುತನ್ನೋ ಬಲಿಯ ಶೇಷವನ್ನೋ ವಾದ್ಯದೊಡನೆ ಹೊತ್ತು ಊರ ಗಡಿಯಲ್ಲಿ ಇಟ್ಟು ಬರುವುದು, ಆಚೆಯ ಊರಿನವರು ಅದನ್ನು ಗಾಬರಿಯಿಂದ ಹ್ಯಾಗೋ ಮುಂದಿನ ಊರಿಗೆ ಸಾಗಿಸುವುದು. ಮದ್ರಾಸಿನ ಬಿಷಪ್ಪರಾಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ಹೊರತಂದ ಪುಸ್ತಕದಲ್ಲಿ ಇಂಥ ಆಚರಣೆಗಳ ವರ್ಣನೆಯಿದೆ. ‘ನಮ್ಮೂರು ಬಿಟ್ಟು ಹೋಗು ತಾಯಿ’ ಎಂದು ಬೇಡುವವರು, ಎಲ್ಲಿಗೆ ಹೋಗು ಎಂಬುದನ್ನು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಮುಂದಿನ ಊರಿನ ದೀಪ ಕಾಣುತ್ತಿತ್ತು.

ಊರಾಚೆ ಸಾಗಿಸಲು ಒಬ್ಬ ಮನುಷ್ಯ ಬೇಕು. ನಮ್ಮ ಸಂಘದಲ್ಲಿ ಬಹುಪಾಲು ಇರುವ ಕರಾವಳಿಯ ಬಂಧುಗಳಿಗೆ ಆಟಿ ಕಳೆಂಜನನ್ನು ಪರಿಚಯಿಸಬೇಕಿಲ್ಲ. ಆಟಿ ತಿಂಗಳ ಮಳೆಯಲ್ಲಿ ತಾಳೆಗರಿಯ ಕೊಡೆ ಹಿಡಿದು ಮನೆಮನೆಯ ಅಂಗಳದಲ್ಲಿ ಕುಣಿದು, ಆ ಮನೆಯ ಮಾರಿಯನ್ನು ತಾನು ಕಳೆದು, ಅಕ್ಕಿ ಅರಿಸಿನ ಪಡೆದು ಹೋಗುವ ನಲಿಕೆಯವನು ಅವನು. ಈಗ ನಾವು ಅವನನ್ನು ವೇದಿಕೆಯ ಮೇಲೆ ಕುಣಿಸಿ ಫೋಟೋ ತೆಗೆದುಕೊಳ್ಳುತ್ತೇವೆ. ಆದರೆ ಹಸಿವಿನ ಆ ತಿಂಗಳಲ್ಲಿ ಒಂದು ಸೇರು ಅಕ್ಕಿಗಾಗಿ ಇಡೀ ಊರಿನ ಅನಿಷ್ಟವನ್ನು ತನ್ನ ಮೈಮೇಲೆ ಹೊತ್ತುಕೊಳ್ಳುವುದೆಂದರೆ ಏನೆಂದು ಆ ಮನೆಯ ಯಜಮಾನರು ಎಂದಾದರೂ ಯೋಚಿಸಿದರೇ? ಬಯಲುಸೀಮೆಯಲ್ಲಿ ದೇವಿಯ ಪೆಟ್ಟಿಗೆ ಹೊತ್ತವಳ ಜೊತೆ ಬಂದು ತನ್ನ ಬರಿಮೈಗೆ ಚಾಟಿಯಿಂದ ಬಾರಿಸಿಕೊಳ್ಳುವ ದುರುಗಮುರುಗಿಯವನೂ, ಮಾರಿಯ ಮುಂದೆ ಹಾಡುವ ಆಸಾದಿಯೂ ಇದೇ ಸಾಲಿನವರು. ಗ್ರೀಕರಲ್ಲೂ ಇದಕ್ಕೆ ಜೋಡಿಯಿದೆ. ಅಥೆನ್ಸಿನಲ್ಲಿ ಆರ್ಟೆಮಿಸಳ ಅವಳಿ ಸೋದರ ಅಪೊಲೊವಿನ ಥಾರ್ಗೀಲಿಯ ಹಬ್ಬದಲ್ಲಿ ಇಬ್ಬರನ್ನು ಆರಿಸಿ, ಊರಿನ ಕೊಳೆಯನ್ನೆಲ್ಲ ಅವರಿಗೆ ಹೊರಿಸಿ, ಹೊರಗಟ್ಟುತ್ತಿದ್ದರು. ಅಂಥವನಿಗೆ ‘ಫಾರ್ಮಕೋಸ್’ ಎಂದು ಹೆಸರು. ಫಾರ್ಮಕಾನ್ ಪದದ ಒಡಹುಟ್ಟು! ಊರಿಗೆ ಅವನೇ ಮದ್ದು.

ಈ ಖರ್ಚನ್ನು ಕಡಿಮೆ ಮಾಡಬಹುದೆಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಕೋಣನ ಬಲಿಯಿತ್ತು. ಆ ಬಲಿಯ ಹಿಂದಿನ ಕಥೆ ಕೀಳುಜಾತಿಯವನೊಬ್ಬ ವೇಷ ಮರೆಸಿ ಮೇಲುಜಾತಿಯ ಹೆಣ್ಣನ್ನು ಮದುವೆಯಾದ ಕಥೆ, ಕೋಣ ಅವನೇ ಎಂಬ ಕಥೆ. ಅಂದರೆ ಬೀಳುತ್ತಿದ್ದ ಪೆಟ್ಟು ಬರಿಯ ಪ್ರಾಣಿಗಲ್ಲ. 1934ರಲ್ಲಿ ಹರಿಜನ ಯಾತ್ರೆಯಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲದಲ್ಲಿ ಎದ್ದ ಆಂದೋಲನದಿಂದ ಆ ಬಲಿ ನಿಂತಿತು. ದೇವಿ ಮುನಿದಳೆಂದು ಯಾರೂ ಊರು ಬಿಡಲಿಲ್ಲ, ಜಾತ್ರೆ ಇಂದಿಗೂ ತುಂಬಿ ನಡೆಯುತ್ತದೆ.

ಇಲ್ಲಿನ ನಮ್ಮ ಆತಿಥೇಯರ ಸಂಪ್ರದಾಯದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಮಾತಿದೆ, ಅದನ್ನು ಕೇಳಿದಾಗ ನಮಗೆ ಗಡಿಮಾರಿಯ ನೆನಪಾಯಿತು. ಒಂದು ನಾಡಿನಲ್ಲಿ ಪಿಡುಗಿದೆಯೆಂದು ತಿಳಿದರೆ ಅಲ್ಲಿಗೆ ಹೋಗಬಾರದು, ನೀವಿರುವ ನಾಡಿಗೇ ಬಂದರೆ ಅಲ್ಲಿಂದ ಓಡಬಾರದು ಎಂಬ ಪ್ರವಾದಿಗಳ ವಚನ ಹದೀಸಿನಲ್ಲಿದೆ. ಎರಡನೆಯ ಅರ್ಧ ಬಹಳ ಕಠಿಣ. ತಾನು ಉಳಿಯುವುದಕ್ಕಾಗಿ ರೋಗವನ್ನು ಮುಂದಿನ ಊರಿಗೆ ಹೊತ್ತುಕೊಂಡು ಹೋಗುವ ಹಕ್ಕು ನಿನಗಿಲ್ಲ ಎಂದಂತಾಯಿತು. 2020ರ ಮಾರ್ಚ್ ಕೊನೆಯಲ್ಲಿ ದೇರಾದ ನೈಫ್ ಮತ್ತು ಅಲ್ ರಾಸ್ ಬೀದಿಗಳನ್ನು ಮುಚ್ಚಿದಾಗ ಆ ಗಲ್ಲಿಗಳಲ್ಲಿ ಸಿಕ್ಕಿಕೊಂಡ ನಮ್ಮವರಿಗೆ ಈ ಮಾತಿನ ಭಾರ ತಿಳಿದಿದೆ.

ಲಸಿಕೆಯ ಕಥೆಯೂ ಈ ಸಮುದ್ರವನ್ನು ದಾಟಿಯೇ ಬಂದದ್ದು ಎಂಬುದು ನಮ್ಮವರಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಜೆನ್ನರನ ಗೋಸಿಡುಬು ವಿಯೆನ್ನಾದಿಂದ ಬಾಗ್ದಾದಿಗೆ, ಅಲ್ಲಿಂದ ಬಸ್ರಾಕ್ಕೆ, ಬಸ್ರಾದಿಂದ ಹಡಗಿನಲ್ಲಿ ಕೊಲ್ಲಿ ದಾಟಿ ಮುಂಬಯಿಗೆ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಸಾಗಿ ಬಂತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದು ಹತ್ತಿತು. ಮಾರಿ ಒಂದೂರಿನಿಂದ ಇನ್ನೊಂದೂರಿಗೆ ಸಾಗುತ್ತಿದ್ದ ದಾರಿಯಲ್ಲೇ ಮದ್ದೂ ಸಾಗಿತು. 1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮದುವೆಯಾದ ದೇವಾಜಮ್ಮಣ್ಣಿಯವರೂ ಇನ್ನಿಬ್ಬರು ರಾಜಸ್ತ್ರೀಯರೂ ಇರುವ, ಥಾಮಸ್ ಹಿಕಿ ಬರೆದ ಚಿತ್ರವೊಂದಿದೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳನ್ನು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸಲೆಂದೇ ಎಂದು ಇತಿಹಾಸಕಾರರು ವಿವರಿಸಿದ್ದಾರೆ. ಚಾಮುಂಡಿಯ ಒಕ್ಕಲಾದ ಆ ಅರಮನೆಗೆ ದೇವಿಯನ್ನೂ ಲಸಿಕೆಯನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಷ್ಟವಾಗಲಿಲ್ಲ. ಊರಿನಲ್ಲಿ ಕಷ್ಟವಾಯಿತು. ಸೂಜಿ ಚುಚ್ಚಿದರೆ ಅಮ್ಮ ಮುನಿಯುತ್ತಾಳೆಂದು ಲಸಿಕೆಯವರನ್ನು ಕಂಡು ಮಕ್ಕಳನ್ನು ಅಟ್ಟದ ಮೇಲೆ ಅಡಗಿಸಿದ ಮನೆಗಳಿದ್ದವು, ಆ ಮಕ್ಕಳಲ್ಲಿ ಎಷ್ಟೋ ಸತ್ತವು. ಅಜ್ಜಿಯ ಕಥೆಯನ್ನು ಹೇಳುವಾಗ ಇದನ್ನು ಮುಚ್ಚಿಡಬಾರದು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. 2021ರಲ್ಲಿ ಕೊಳ್ಳೇಗಾಲದ ಹತ್ತಿರದ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನ ಪ್ರತಿಷ್ಠೆಯಾಯಿತು. ಟಿವಿಯವರು ನಕ್ಕರು. ಈ ಸಾಲಿನಲ್ಲಿ ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ್ದು 1997ರಲ್ಲಿ ಮಂಡ್ಯದ ಸೀಮೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಆದ ‘ಏಡ್ಸಮ್ಮ’ನ ಗುಡಿ. ಕಟ್ಟಿಸಿದವರು ಪೂಜಾರಿಯಲ್ಲ, ಶಾಲೆಯ ವಿಜ್ಞಾನದ ಮೇಷ್ಟ್ರು. ಆ ರೋಗದಿಂದ ಸತ್ತವರ ಹೆಣ ಮುಟ್ಟಲು ಊರವರು ಹಿಂಜರಿದದ್ದನ್ನು ಕಂಡು, ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದನ್ನು ಜನ ನಿಂತು ಓದಲೆಂದು ಅವರು ಹೂಡಿದ ಉಪಾಯ ಅದು. ತಾನು ನಂಬದ ದೇವಿಯ ಹೆಸರಿನಲ್ಲಿ ಜನರಿಗೆ ತಿಳಿವಳಿಕೆ ಹೇಳುವುದು ಮೋಸವಲ್ಲವೇ ಎಂದು ಕೇಳಬಹುದು. ಪೂಜೆ ಮಾಡಿದರೆ ಸಾಕು, ಆಸ್ಪತ್ರೆ ಬೇಡ ಎಂದು ಬರೆದಿದ್ದರೆ ಅದು ಮೋಸವೇ. ಆದರೆ ಮೇಷ್ಟ್ರು ಹೇಳಿದ್ದು, ಹತ್ತಿರ ಬನ್ನಿ, ಮುಟ್ಟಿದರೆ ಅಂಟುವುದಿಲ್ಲ ಎಂಬ ನಿಜವನ್ನು. ಬಳಸಿದ ಭಾಷೆ ಮಾತ್ರ ಊರಿನದು. ನಮ್ಮ ಅನುಮಾನ ಬೇರೆ. ಜನ ಮಂಗಳಾರತಿ ತೆಗೆದುಕೊಂಡು ಬೋರ್ಡು ಓದದೆ ಹೋದರೆ? ದೇವಿಯ ಹೆಗಲ ಮೇಲೆ ಬಂದೂಕಿಟ್ಟು ಹೊಡೆಯುವವನಿಗೆ ಗುರಿ ಯಾವಾಗಲೂ ತನ್ನ ಕೈಯಲ್ಲಿರುವುದಿಲ್ಲ.

ಇದೇ ಇಕ್ಕಟ್ಟು ನಮಗೂ ಒಮ್ಮೆ ಬಂತು, ಕೊರೊನಾಕ್ಕೆ ಕೆಲವು ವರ್ಷ ಮೊದಲು. ಕೊಪ್ಪಳದ ಕಡೆಯ ಹುಡುಗನೊಬ್ಬ, ವಯಸ್ಸು ಮೂವತ್ತರ ಹತ್ತಿರ, ಅಲ್ ಕ್ವೋಜ್‌ನಲ್ಲಿ ಒಂದು ಬೆಡ್‌ಸ್ಪೇಸ್ ಹಿಡಿದು ಎಂಟು ಜನರ ಕೋಣೆಯಲ್ಲಿದ್ದ. ಜ್ವರ ಬಂದು ಎದೆಯ ಮೇಲೆ ಗುಳ್ಳೆ ಎದ್ದ ಕೂಡಲೇ ಕೋಣೆಯವರು ಅವನ ಹಾಸಿಗೆಯನ್ನು ಮೆಟ್ಟಿಲ ಬಳಿ ಇಟ್ಟರು. ಅವರನ್ನು ತೀರ ಬೈಯಲಾಗದು, ಎಲ್ಲರಿಗೂ ಊರಿನಲ್ಲಿ ಸಾಲವಿತ್ತು, ಹತ್ತು ದಿನದ ಸಂಬಳ ಹೋದರೆ ಕಷ್ಟವಿತ್ತು. ಅವನನ್ನು ನಮ್ಮಲ್ಲಿಗೆ ಕರೆತಂದವನು ಅದೇ ಕೋಣೆಯ ಪೇಶಾವರದ ಮುದುಕ ಡ್ರೈವರ್. ನೀನು ಮುಟ್ಟುತ್ತಿದ್ದೀಯಲ್ಲ, ನಿನಗೆ ಭಯವಿಲ್ಲವೇ ಎಂದು ಕೇಳಿದೆವು. ‘ಬಚ್‌ಪನ್ ಮೇ ಹೋ ಗಯಾ ಥಾ, ಡಾಕ್ಟರ್ ಸಾಬ್’ ಎಂದ. ಚಿಕ್ಕಂದಿನಲ್ಲೇ ಆಗಿತ್ತು.

ದೊಡ್ಡವರಿಗೆ ಬರುವ ಚಿಕ್ಕಮ್ಮ ಚಿಕ್ಕದಲ್ಲ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಎರವು. ದಿನಕ್ಕೆ ಐದು ಸಲ ನುಂಗುವ ಗುಳಿಗೆ ಬರೆದೆವು. ಹುಡುಗ ಮಾತಾಡದೆ ಫೋನನ್ನು ನಮ್ಮ ಕೈಗೆ ಕೊಟ್ಟ. ಆ ಕಡೆ ಅವನ ತಾಯಿ. ‘ಸಾಹೇಬ್ರ, ಗುಳಿಗಿ ಕೊಡಬ್ಯಾಡ್ರಿ. ಅಕಿ ಸಿಟ್ಟಾಗ್ತಾಳ. ಬೇವಿನ ತಪ್ಲ ಹಾಕ್ರಿ, ತಾನ ಇಳದ ಹೋಗ್ತಾಳ.’ ವೈರಸ್ಸಿನ ಪಾಠ ಹೇಳುವ ಹೊತ್ತು ಅದಲ್ಲ. ಅಮ್ಮನನ್ನು ನಾವು ನಂಬುತ್ತೇವೆ ಎಂದು ಹೇಳಿದರೆ ಅದು ಸುಳ್ಳಾಗುತ್ತಿತ್ತು. ನಾವು ಹೇಳಿದ್ದಿಷ್ಟು: ‘ತಾಯಿ, ಅಕಿಗೆ ಏನ್ ಮಾಡಬೇಕೋ ನೀವು ಅಲ್ಲಿ ಮಾಡ್ರಿ. ಹುಡುಗನ ಎದಿಗೆ ಏನ್ ಮಾಡಬೇಕೋ ನಮಗ ಬಿಡ್ರಿ. ಬೇವಿನ ತಪ್ಪಲ ಹಾಸಾಕ ಅಡ್ಡಿಯಿಲ್ಲ.’ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅವರು ಕೇಳಿದ್ದು ನಾವು ಎಣಿಸಿರದ ಪ್ರಶ್ನೆ: ‘ಅವನ ಹತ್ರ ಯಾರದಾರ್ರಿ?’ ಡ್ರೈವರನ ವಿಷಯ ಹೇಳಿದೆವು. ಅವನಿಗೆ ಸಣ್ಣವನಿದ್ದಾಗ ಆಗಿ ಹೋಗಿದೆ ಎಂದೂ ಹೇಳಿದೆವು. ‘ಹಂಗಾರ ಅಕಿ ಅವನ್ನ ಮುಟ್ಯಾಳ’ ಎಂದರು. ‘ಗುಳಿಗಿ ಕೊಡ್ರಿ.’

ಈ ಊರಿನಲ್ಲಿ ರಸ್ತೆ ಬದಿಗೆ ಬೇವಿನ ಮರಗಳಿಗೆ ಬರವಿಲ್ಲ. ಮರುದಿನ ಮಸೀದಿಯ ಎದುರಿನ ಮರದಿಂದ ಟೊಂಗೆ ತಂದು ಹಾಸಿದವನು ಆ ಪಠಾಣನೇ. ಹಾಸಿಗೆ ಕೋಣೆಯೊಳಗೆ ಹೋಯಿತೇ ಎಂದರೆ, ಇಲ್ಲ, ಕಟ್ಟಡದವರು ಖಾಲಿಯಿದ್ದ ಒಂದು ಸ್ಟೋರ್ ರೂಮನ್ನು ಬಿಟ್ಟುಕೊಟ್ಟರು, ಇಬ್ಬರೂ ಎಂಟು ದಿನ ಅಲ್ಲಿದ್ದರು.

ಬೆಡ್‌ಸ್ಪೇಸ್‌ಗಳಲ್ಲಿರುವ ನಮ್ಮ ಹುಡುಗರನ್ನು ಬಲ್ಲ ಓದುಗರು ಇಷ್ಟನ್ನು ಅವರಿಗೆ ಮುಟ್ಟಿಸಬೇಕಾಗಿ ಕೋರಿಕೆ. ಕೋಣೆಯಲ್ಲಿ ಯಾರಿಗಾದರೂ ಗುಳ್ಳೆ ಎದ್ದರೆ, ಚಿಕ್ಕಂದಿನಲ್ಲಿ ಅಮ್ಮ ಆದವರು ಯಾರಿದ್ದೀರಿ ಎಂದು ಮೊದಲು ಕೇಳಿ, ರೋಗಿಯ ಕೆಲಸ ಅವರು ನೋಡಲಿ. ಗುಳಿಗೆಯ ಉಪಯೋಗ ಹೆಚ್ಚಾಗಿ ಸಿಗುವುದು ಗುಳ್ಳೆ ಕಂಡ ಮೊದಲ 24 ಗಂಟೆಯೊಳಗೆ, ಆದ್ದರಿಂದ ವಾರದ ರಜೆಗೆ ಕಾಯಬೇಡಿ. ಮಕ್ಕಳಿಗೆ ಜ್ವರಕ್ಕೆಂದು ಆಸ್ಪಿರಿನ್ ಕೊಡಲೇಬೇಡಿ. ಬಸುರಿ ಹೆಂಗಸರು ಹತ್ತಿರ ಸುಳಿದಿದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಬೇವಿನ ಸೊಪ್ಪು ಬೇಕಾದವರು ತೊಳೆದು ಹಾಸಿಕೊಳ್ಳಿ.